ಶರ್ಟು ಹೊರಗೆ ಬಿಟ್ರೆ ಶಿಸ್ತು ಹೋಗುತ್ತಾ?

ಹೋದ ಸಲ ಪೆನ್ಷನ್ ಬಗ್ಗೆ ಕೇಳಿ ಅಂದಿದ್ದೆ, ಬಂದಿರೋ ಪ್ರಶ್ನೆ ನೋಡಿದ್ರೆ ಅರ್ಧಕ್ಕರ್ಧ ಸೇನೆ ಡ್ರೆಸ್ ಬಗ್ಗೆನೇ. ಇರ್ಲಿ ಬಿಡಿ. 26 ವರ್ಷ ಮದ್ರಾಸ್ ಸ್ಯಾಪರ್ಸಲ್ಲಿ (ಸೇನೆಯ ಇಂಜಿನಿಯರ್ ಪಡೆ) ಇದ್ದು ಸುಬೇದಾರ್ ಆಗಿ ಮನೆಗೆ ಬಂದವನು ನಾನು, ಗುಂಡು ಹೊಡೆದಿದ್ದಕ್ಕಿಂತ ಇಸ್ತ್ರಿ ಹೊಡೆದಿದ್ದೇ ಜಾಸ್ತಿ, ಹಂಗಾಗಿ ಉತ್ತರ ಹೇಳೋಕೆ ಹಕ್ಕಿದೆ ಅಂದ್ಕೊಂಡಿದೀನಿ.

ಪ್ರಶ್ನೆ: ಮಗ ಆರ್ಮಿಯಲ್ಲಿದ್ದಾನೆ. ಹೊಸ ಡ್ರೆಸ್ಸಿನ ಫೋಟೋ ಕಳಿಸಿದ್ದ, ಅದರಲ್ಲಿ ಶರ್ಟು ಪ್ಯಾಂಟಿನ ಹೊರಗೆ ಬಿಟ್ಕೊಂಡಿದ್ದಾನೆ, ಬೆಲ್ಟೇ ಕಾಣಲ್ಲ. ನಮ್ಮೆಜಮಾನ್ರು "ಏನಿದು ಹೊಲಕ್ಕೆ ಹೋಗೋ ಹಂಗೆ" ಅಂತ ಬೈದ್ರು. ಇನ್ನೊಂದು ವಿಷ್ಯ, ಇಲ್ಲೇ ಪೇಟೇಲಿ ಬಟ್ಟೆ ತಗೊಂಡು ಒಂದು ಜೊತೆ ಹೊಲಿಸಿ ಕಳಿಸ್ಲಾ ಅಂದ್ರೆ ಬೇಡವೇ ಬೇಡ ಅಂದ. ಯಾಕೆ? (ಒಬ್ಬ ತಾಯಿ, ಹಾವೇರಿ)

ಉತ್ತರ: ಅಮ್ಮ, ಎಜಮಾನ್ರಿಗೆ ಹೇಳಿ, ಮಗನ್ದೇನೂ ತಪ್ಪಿಲ್ಲ, ಈ ಹೊಸ ಕಾಂಬ್ಯಾಟ್ ಡ್ರೆಸ್ (ಯುದ್ಧಕ್ಕೆ ಹಾಕೋ ಮಚ್ಚೆ ಮಚ್ಚೆ ಡ್ರೆಸ್) ಹಾಕೋದೇ ಹಂಗೆ. 2022ರ ಜನವರಿ 15, ಸೇನಾ ದಿನ, ದಿಲ್ಲಿ ಪರೇಡಲ್ಲಿ ಪ್ಯಾರಾ ಕಮಾಂಡೋಗಳು ಮೊದಲನೇ ಸಲ ಇದನ್ನ ಹಾಕ್ಕೊಂಡು ಬಂದಾಗ ನಮ್ಮ ಹಳೇ ಜೆಸಿಓಗಳ (ಸುಬೇದಾರ್ ದರ್ಜೆಯವರ) ಗ್ರೂಪಲ್ಲೂ ಇದೇ ಮಾತು, "ಶರ್ಟ್ ಹೊರಗೆ ಬಿಟ್ಟವ್ರೆ, ಮುಗೀತು ಆರ್ಮಿ ಕಥೆ" ಅಂತ ಒಬ್ಬ ಸಾಹೇಬ್ರು ಬರೆದ್ರು, ಇಪ್ಪತ್ತು ಜನ ಹೌದು ಹೌದು ಅಂದ್ರು. ನಾನೂ ಒಬ್ಬ, ಸುಳ್ಳ್ಯಾಕೆ ಹೇಳ್ಲಿ.

ಆಮೇಲೆ ಅಕ್ಕನ ಮಗ ಅದೇ ಡ್ರೆಸಲ್ಲಿ ರಜೆಗೆ ಬಂದ, ಬಟ್ಟೆ ಕೈಲಿ ಹಿಡಿದು ನೋಡ್ದೆ. ಹತ್ತಿ 70, ಪಾಲಿಯೆಸ್ಟರ್ 30, ಹಗೂರಕ್ಕಿದೆ, ಬೇಗ ಒಣಗುತ್ತೆ. ಸೊಂಟಕ್ಕೆ ಎಲಾಸ್ಟಿಕ್ಕು, ತೊಡೆಸಂದೀಲಿ ಎರಡು ಪದರ ಹಾಕಿ ಹೊಲಿದಿದ್ದಾರೆ, ಬೆನ್ನ ಹತ್ರ ನೆರಿಗೆ ಬಿಟ್ಟಿದ್ದಾರೆ ತೋಳು ಎತ್ತಿದ್ರೆ ಎಳೀಬಾರ್ದು ಅಂತ, ಪೆನ್ನಿಗೆ ತೋಳಿನ ಮೇಲೇ ಜಾಗ. ಇದನ್ನ ಕಂಡವನಿಗೇ ಗೊತ್ತು. ನಮ್ಮ ಕಾಲದ ಡ್ರೆಸ್ ಏನಾಗ್ತಿತ್ತು ಅಂದ್ರೆ ಶರ್ಟು ಒಳಗೆ ಸೇರಿಸಿ ಮೇಲೆ ಬೆಲ್ಟ್ ಬಿಗೀಬೇಕು, ಬ್ರಿಡ್ಜ್ ಕಟ್ಟುವಾಗ ನಾಲ್ಕು ಸಲ ಬಗ್ಗಿ ಎದ್ರೆ ಹಿಂದಿನಿಂದ ಶರ್ಟು ಈಚೆ ಬರೋದು, ಹವಾಲ್ದಾರ್ ಬೈಯ್ಯೋದು, ಒಳಗೆ ತುರುಕೋದು, ಮತ್ತೆ ಬಗ್ಗೋದು. ಬೆಲ್ಟ್ ಕೆಳಗೆ ಬೆವರು ಇಂಗಿ ಸಂಜೆ ಹೊತ್ತಿಗೆ ಸುತ್ತ ಉಪ್ಪಿನ ಗೆರೆ, ಚರ್ಮ ಕೆಂಪಗೆ. ಅದನ್ನ ನಾವು ಶಿಸ್ತು ಅಂತಿದ್ವಿ.

ಡಿಸೈನ್ ಮಾಡಿದ್ದು ದಿಲ್ಲಿಯ ನಿಫ್ಟ್, ಅದೇ ಫ್ಯಾಷನ್ ಕಾಲೇಜು. ಫ್ಯಾಷನ್ ಅಂದ ತಕ್ಷಣ ನಗಬೇಡಿ, ಹೆಣ್ಣುಮಕ್ಕಳ ಮೈಗೂ ಸರಿಹೋಗೋ ಹಂಗೆ ಯೋಚ್ನೆ ಮಾಡಿದ್ದಾರೆ, ಹಳೇದ್ರಲ್ಲಿ ಗಂಡಸರ ಅಳತೇನೇ ಕತ್ತರಿಸಿ ಅವರಿಗೆ ಕೊಡ್ತಿದ್ದಿದ್ದು ನಾನೇ ನೋಡಿದೀನಿ.

ಇನ್ನ ಪೇಟೆ ಬಟ್ಟೆ ವಿಷ್ಯ. ಮಗ ಬೇಡ ಅಂದಿದ್ದು ನೂರಕ್ಕೆ ನೂರು ಸರಿ. ಹಳೇ ಕಾಂಬ್ಯಾಟ್ ಬಟ್ಟೆ ಯಾವ ಅಂಗಡೀಲಿ ಕೇಳಿದ್ರೂ ಮೀಟರ್ ಲೆಕ್ಕದಲ್ಲಿ ಸಿಗ್ತಿತ್ತು, ಕಂಟೋನ್ಮೆಂಟ್ ಪಕ್ಕದ ಒಂದೊಂದು ಟೈಲರ್ ಹತ್ರ ಒಂದೊಂದು ಬಣ್ಣ, ಸಾಲಾಗಿ ಫಾಲಿನ್ ಆಗಿ ನಿಂತ್ರೆ ಒಂದೇ ಪ್ಲಟೂನಲ್ಲಿ ಆರು ತರ ಹಸಿರು. ಅದು ಬರೀ ಚೆಂದದ ಪ್ರಶ್ನೆ. ನಿಜವಾದ ತಲೆನೋವು ಏನಂದ್ರೆ 2016ರ ಜನವರೀಲಿ ಪಠಾಣ್‌ಕೋಟ್ ಏರ್‌ಬೇಸಿಗೆ ನುಗ್ಗಿದವರು ಸೇನೆ ಡ್ರೆಸ್ಸಲ್ಲೇ ಬಂದಿದ್ರು, ಅದಾದ್ಮೇಲೆ ಸಾಮಾನ್ಯ ಜನ ಈ ತರ ಬಟ್ಟೆ ಹಾಕಬೇಡಿ, ಅಂಗಡಿಯವರು ಮಾರಬೇಡಿ ಅಂತ ಸೇನೆಯವರು ಕೇಳಿಕೊಳ್ಳಬೇಕಾಯ್ತು. ಅದಕ್ಕೇ ಈ ಸಲ ಡಿಸೈನನ್ನೇ ಸೇನೆ ಹೆಸರಿಗೆ ರಿಜಿಸ್ಟರ್ ಮಾಡಿಸಿದ್ದಾರೆ, 10 ವರ್ಷದ ಹಕ್ಕು, ಇನ್ನೂ 5 ವರ್ಷ ಮುಂದುವರಿಸ್ಬಹುದು. ಬೇರೆಯವರು ಇದೇ ಡಿಸೈನ್ ಮಾಡಿ ಮಾರಿದ್ರೆ ಕೇಸು. ಪೇಟೇಲಿ ನೀವು ನೋಡಿದ್ದು ನಕಲಿ, ಅದನ್ನ ಹಾಕ್ಕೊಂಡು ಮಗ ಗೇಟಲ್ಲಿ ನಿಂತ್ರೆ ಅವನಿಗೇ ತೊಂದ್ರೆ. ಬಟ್ಟೆ ಬದಲು ಉಂಡೆ ಕಳಿಸಿ, ಬ್ಯಾರಕ್ಕಲ್ಲಿ ಹತ್ತು ಜನ ತಿಂತಾರೆ.

ಪ್ರಶ್ನೆ: ನಮ್ಮ ಚಿಕ್ಕಪ್ಪ ನಿವೃತ್ತ ಬ್ರಿಗೇಡಿಯರ್. ಬ್ರಿಗೇಡಿಯರ್ ಆದ್ಮೇಲೆ ರೆಜಿಮೆಂಟ್ ಟೋಪಿ ತೆಗೆದಿಡಬೇಕು ಅನ್ನೋ ಹೊಸ ರೂಲ್ ಬಂದಾಗಿಂದ ಬೇಜಾರಲ್ಲಿದ್ದಾರೆ, ಅವರಿಗೇನೂ ಅನ್ವಯಿಸಲ್ಲ, ಆದ್ರೂ ಊಟದ ಹೊತ್ತಲ್ಲಿ ಅದೇ ಮಾತು. ಯಾಕೆ ಇಷ್ಟೊಂದು ನೋವು? (ಓದುಗರು, ಮಡಿಕೇರಿ)

ಉತ್ತರ: ಕೊಡಗಿನವರು ಕೇಳ್ತಿದೀರಿ, ನಿಮಗೆ ರೆಜಿಮೆಂಟ್ ಅಂದ್ರೆ ಏನು ಅಂತ ನಾನು ಬಿಡಿಸಿ ಹೇಳ್ಬೇಕಾ? ಕಾರ್ಯಪ್ಪನವರು ರಜಪೂತ್ ರೆಜಿಮೆಂಟು, ತಿಮ್ಮಯ್ಯನವರು ಕುಮಾಂವ್, ನಿಮ್ಮೂರಲ್ಲಿ ಇದು ಮಕ್ಕಳಿಗೂ ಗೊತ್ತು.

ರೂಲ್ ಇಷ್ಟೇ: 2023ರ ಏಪ್ರಿಲಲ್ಲಿ ಆರ್ಮಿ ಕಮಾಂಡರ್‌ಗಳ ಸಭೇಲಿ ಮಾತಾಡಿ, ಆಗಸ್ಟ್ 1ರಿಂದ ಬ್ರಿಗೇಡಿಯರ್ ಮತ್ತೆ ಅದಕ್ಕಿಂತ ಮೇಲಿನ ಎಲ್ಲರಿಗೂ ಟೋಪಿ, ಹೆಗಲ ಮೇಲಿನ ರ‍್ಯಾಂಕ್ ಗುರುತು, ಕಾಲರ್ ಪ್ಯಾಚು, ಬೆಲ್ಟು, ಶೂ ಒಂದೇ ತರ ಮಾಡಿದ್ರು, ಲ್ಯಾನ್ಯಾರ್ಡ್ (ಹೆಗಲಿಗೆ ಹಾಕೋ ಹೆಣೆದ ದಾರ) ತೆಗೆಸಿದ್ರು. ಕರ್ನಲ್‌ವರೆಗೂ ಏನೂ ಬದಲಾಗಿಲ್ಲ. ಕಾರಣ ಏನು ಹೇಳಿದ್ರು ಅಂದ್ರೆ, ಬ್ರಿಗೇಡಿಯರ್ ಆದವನ ಕೈಕೆಳಗೆ ಒಂದೇ ಪಲ್ಟಣ ಇರಲ್ಲ, ಸಿಖ್ಖರು, ಮದ್ರಾಸಿಗಳು, ಗೂರ್ಖಾಗಳು, ಫಿರಂಗಿ ಪಡೆಯವರು ಎಲ್ಲಾ ಇರ್ತಾರೆ, ಅವನು ಇಂಥವರ ಸಾಹೇಬ ಅಂತ ತಲೆ ಮೇಲೇ ಬರ್ಕೊಂಡು ತಿರುಗಿದ್ರೆ ಮಿಕ್ಕವರಿಗೆ ಅನುಮಾನ. ಹಿಂದೆ, ಸುಮಾರು 40 ವರ್ಷದ ಕೆಳಗೆ, ಲೆಫ್ಟಿನೆಂಟ್ ಕರ್ನಲ್‌ನಿಂದಲೇ ಒಂದೇ ತರ ಡ್ರೆಸ್ ಇತ್ತು ಅಂತನೂ ಆಗ ಸೇನೆ ಕಡೆಯಿಂದ ಹೇಳಿದ್ರು, ಅಂದ್ರೆ ಪೂರ್ತಿ ಹೊಸದೇನಲ್ಲ.

ನನ್ನ ಕೇಳಿದ್ರೆ ರೂಲ್ ಸರಿ ಅಂತೀನಿ. ಪೋಸ್ಟಿಂಗ್, ಪ್ರಮೋಷನ್ ಟೈಮಲ್ಲಿ "ನಮ್ಮವನು" ಅನ್ನೋ ಮಾತು ಎಷ್ಟು ಕೆಲಸ ಮಾಡುತ್ತೆ ಅಂತ ಜೆಸಿಓ ಮೆಸ್ಸಲ್ಲಿ ಕೂತವರಿಗೂ ಕೇಳಿಸ್ತಿತ್ತು. ಆದ್ರೆ ಚಿಕ್ಕಪ್ಪನ ನೋವು ಸುಳ್ಳಲ್ಲ. ಪ್ಯಾರಾದವರ ಮರೂನ್ ಟೋಪಿ ಇದ್ಯಲ್ಲ, ಅದಕ್ಕೆ ಪ್ರೊಬೇಷನ್ನಲ್ಲಿ ರಕ್ತ ಸುರಿಸಿರ್ತಾರೆ. ರೈಫಲ್ ರೆಜಿಮೆಂಟವರ ಹೆಗಲ ಮೇಲಿನ ಸ್ಟಾರು ಹಿತ್ತಾಳೆ ಹೊಳಪಿಂದಲ್ಲ, ಕಪ್ಪು. ಗೂರ್ಖಾ ಹ್ಯಾಟು ಬಲಕ್ಕೆ ವಾಲಿಸಿ ಹಾಕೋದು, ಮಾಣಿಕ್ ಷಾ ಅವರ ಫೋಟೋ ನೆನೆಸ್ಕೊಳ್ಳಿ, ಆ ಹ್ಯಾಟ್ ಇಲ್ದೆ ಅವರ ಮುಖನೇ ಕಣ್ಣಿಗೆ ಬರಲ್ಲ. ಬಿಪಿನ್ ರಾವತ್ ಅವರೂ ಚೀಫ್ ಆದ್ಮೇಲೂ ಅದೇ ಹ್ಯಾಟು. ಇನ್ಮೇಲೆ ಬರೋ ಚೀಫ್‌ಗಳ ಫೋಟೋ ನೋಡಿ ಇವರು ಯಾವ ಪಲ್ಟಣ ಅಂತ ಹೇಳೋಕೆ ಆಗಲ್ಲ. ನಮ್ಮ ಸ್ಯಾಪರ್ಸಲ್ಲಿ ದೂಪ್ತಾ ಅಂತ ಒಂದು ಟೋಪಿ ಇದೆ, ಕೊಳವೆ ತರ, ಮುಂದೆ ಏನೂ ಇರಲ್ಲ, ಬೇರೆಯವರು ನೋಡಿ ನಗ್ತಾರೆ, ಹಲಸೂರು ಕೆರೆ ಪಕ್ಕದ ನಮ್ಮ ಸೆಂಟರಲ್ಲಿ ಪರೇಡ್ ನೋಡಿದೋರಿಗೆ ಗೊತ್ತಿರುತ್ತೆ. ಯಾರಾದ್ರೂ ಅದನ್ನ ತೆಗೀರಿ ಅಂದಿದ್ರೆ ನಾನೂ ಊಟದ ಹೊತ್ತಲ್ಲಿ ಅದೇ ಮಾತಾಡ್ತಿದ್ದೆ.

ಚಿಕ್ಕಪ್ಪನ್ನ ಒಂದ್ಸಲ ಸನ್ನಿ ಸೈಡ್‌ಗೆ, ತಿಮ್ಮಯ್ಯ ಮ್ಯೂಸಿಯಂಗೆ ಕರ್ಕೊಂಡು ಹೋಗಿ, ಮಾತು ಬೇರೆ ಕಡೆ ತಿರುಗುತ್ತೆ.

ಪ್ರಶ್ನೆ: ಅಡ್ಮಿರಲ್‌ಗಳ ಹೆಗಲಪಟ್ಟಿ ಬದಲಾಯ್ತು, ನೌಕಾಪಡೆ ಧ್ವಜ ಬದಲಾಯ್ತು, ಎಲ್ಲಾ ಗುಲಾಮಿ ಗುರುತು ಅಂತಾರೆ. ಹಂಗಾದ್ರೆ 75 ವರ್ಷ ಸುಮ್ನೆ ಇದ್ರಾ? (ಕಾರವಾರ)

ಉತ್ತರ: ಕದಂಬ ನೌಕಾನೆಲೆ ನಿಮ್ಮ ಮನೆ ಬಾಗಿಲಲ್ಲೇ ಇದೆ, ನನ್ನಂಥ ನೆಲದ ಮೇಲಿನವನನ್ನ ಕೇಳ್ತಿದೀರಲ್ಲ ಸರ್! ಸುಮ್ನೆ ಏನೂ ಇರ್ಲಿಲ್ಲ. 2001ರಲ್ಲೇ ಧ್ವಜದಿಂದ ಸೇಂಟ್ ಜಾರ್ಜ್ ಶಿಲುಬೆ (ಬ್ರಿಟಿಷರ ಕಾಲದ ಕೆಂಪು ಶಿಲುಬೆ) ತೆಗೆದು ನೌಕಾಪಡೆಯ ನೀಲಿ ಲಾಂಛನ ಹಾಕಿದ್ರು. ಆಕಾಶ ನೀಲಿ, ಸಮುದ್ರ ನೀಲಿ, ಲಾಂಛನನೂ ನೀಲಿ, ದೂರದಿಂದ ಕಾಣ್ತಾನೇ ಇರ್ಲಿಲ್ಲ ಅಂತ ದೂರು ಬಂದು 2004ಕ್ಕೆ ಶಿಲುಬೆ ವಾಪಸ್, ನಡುವೆ ಅಶೋಕ ಸಿಂಹ. ಮತ್ತೆ 2022ರ ಸೆಪ್ಟೆಂಬರ್ 2, ಕೊಚ್ಚಿಯಲ್ಲಿ ಹೊಸ ವಿಕ್ರಾಂತ್ ಸೇವೆಗೆ ಸೇರಿದ ದಿನ ಈಗಿನ ಧ್ವಜ ಬಂತು, ಶಿವಾಜಿ ಮುದ್ರೆಯಿಂದ ತಗೊಂಡ ಎಂಟು ಮೂಲೆ. ಅದೇ ಎಂಟು ಮೂಲೆ 2023ರ ಡಿಸೆಂಬರಲ್ಲಿ ಅಡ್ಮಿರಲ್‌ಗಳ ಹೆಗಲಿಗೂ ಬಂತು, ಜೊತೆಗೆ ಕತ್ತಿ, ದುರ್ಬೀನು, ಸ್ಟಾರು. 4ನೇ ತಾರೀಕು ಸಿಂಧುದುರ್ಗದಲ್ಲಿ ಪ್ರಧಾನಿ ಹೇಳಿದ್ರು, 29ಕ್ಕೆ ನೌಕಾಪಡೆ ತೋರಿಸ್ತು. ನೋಡೋಕೆ ಚೆನ್ನಾಗಿದೆ, ಒಪ್ಕೋತೀನಿ. ಆದ್ರೆ ಅದು ಅಡ್ಮಿರಲ್ ರ‍್ಯಾಂಕಿನವರಿಗೆ ಮಾತ್ರ, ಕಾರವಾರದ ಹಡಗಲ್ಲಿ ಡೆಕ್ ತೊಳೆಯೋ ಹುಡುಗನ ಹೆಗಲಿಗೆ ಅದರಿಂದ ಏನೂ ಆಗಿಲ್ಲ.

ಪ್ರಶ್ನೆ: ನಾನು ಎನ್‌ಸಿಸಿ ಕೆಡೆಟ್. ಹೆಗಲ ಮೇಲಿನ ಸ್ಟಾರು, ಸಿಂಹ ನೋಡಿ ರ‍್ಯಾಂಕ್ ಹೇಳೋದು ಹೆಂಗೆ ಸರ್? ಬ್ರಿಟಿಷರದ್ದೇ ಅಲ್ವಾ ಇದು? (ವಿದ್ಯಾರ್ಥಿನಿ, ತುಮಕೂರು)

ಉತ್ತರ: ಮೊದಲು ಎರಡನೇದಕ್ಕೆ ಉತ್ತರ ಹೇಳ್ತೀನಮ್ಮ. ಕಾರ್ಯಪ್ಪನವರು 1949ರ ಜನವರಿ 15ಕ್ಕೆ ಸೇನೆಯ ಮುಖ್ಯಸ್ಥರಾದಾಗ ನಾವು ಸ್ವತಂತ್ರ ಆಗಿದ್ರೂ ಗಣರಾಜ್ಯ ಆಗಿರ್ಲಿಲ್ಲ, ರ‍್ಯಾಂಕ್ ಗುರುತಲ್ಲಿ ಇನ್ನೂ ರಾಜನ ಕಿರೀಟ. 1950ರ ಜನವರಿ 26ಕ್ಕೆ ಕಿರೀಟ ಹೋಗಿ ಸಿಂಹ ಬಂತು, ಬ್ರಿಟಿಷ್ ಸ್ಟಾರ್ ಹೋಗಿ ಐದು ಮೂಲೆ ಸ್ಟಾರ್ ಬಂತು. ಅದೇ ವರ್ಷ ನವೆಂಬರ್ 23ಕ್ಕೆ ಡೆಹ್ರಾಡೂನಿನ ಮಿಲಿಟರಿ ಅಕಾಡೆಮಿಯ ಚೆಟ್ವುಡ್ ಹಾಲಲ್ಲಿ, ಬ್ರಿಟಿಷ್ ರಾಜನ ಹೆಸರಲ್ಲಿ ಪಲ್ಟಣಗಳಿಗೆ ಕೊಟ್ಟಿದ್ದ ಧ್ವಜಗಳನ್ನ ಗೌರವದಿಂದಲೇ ಇಟ್ಟು ಬಂದ್ರು. ಬೈಯ್ಯದೆ, ಸುಡದೆ.

ಗುರುತಿಸೋದು ಸುಲಭ. ಎರಡು ಸ್ಟಾರ್ ಲೆಫ್ಟಿನೆಂಟ್, ಮೂರು ಕ್ಯಾಪ್ಟನ್, ಬರೀ ಸಿಂಹ ಮೇಜರ್. ಸಿಂಹದ ಜೊತೆ ಒಂದು ಸ್ಟಾರ್ ಲೆಫ್ಟಿನೆಂಟ್ ಕರ್ನಲ್, ಎರಡು ಕರ್ನಲ್, ಮೂರು ಬ್ರಿಗೇಡಿಯರ್. ಕತ್ತಿ ಮತ್ತೆ ಬೇಟನ್ (ಗಿಡ್ಡ ಕೋಲು) ಅಡ್ಡಡ್ಡ ಇದ್ರೆ ಜನರಲ್‌ಗಳು, ಸೆಲ್ಯೂಟ್ ಹೊಡೆದ್ಮೇಲೆ ಎಣಿಸು. ಒಂದೇ ಸ್ಟಾರಿನ ಸೆಕೆಂಡ್ ಲೆಫ್ಟಿನೆಂಟ್ ಈಗಿಲ್ಲ. ಸ್ಟಾರ್ ಕೆಳಗೆ ಬಣ್ಣದ ಪಟ್ಟಿ ಇದ್ರೆ ಅದು ನಮ್ಮಂಥ ಜೆಸಿಓ: ಒಂದು ನಾಯಬ್ ಸುಬೇದಾರ್, ಎರಡು ಸುಬೇದಾರ್, ಸಿಂಹ ಇದ್ರೆ ಸುಬೇದಾರ್ ಮೇಜರ್. ಪಟ್ಟಿ ನೋಡ್ದೆ ನನ್ನ ಲೆಫ್ಟಿನೆಂಟ್ ಅಂದ್ಕೊಂಡು ಮದುವೆ ಮನೇಲಿ ಮೊದಲನೇ ಪಂಕ್ತೀಲಿ ಕೂರಿಸಿದ್ರು ಒಂದ್ಸಲ, ನಾನೂ ಬಾಯಿ ಬಿಡ್ಲಿಲ್ಲ, ಹೋಳಿಗೆ ಬಿಸಿ ಇತ್ತು.

ಪ್ರಶ್ನೆ: ಅಣ್ಣ ರಿಟೈರ್ ಆಗಿ ಬಂದ್ರು, ಅವರ ಹಳೇ ಕಾಂಬ್ಯಾಟ್ ಡ್ರೆಸ್ಸನ್ನ ಅಪ್ಪ ಜೋಳದ ಹೊಲದ ಬೆರ್ಚಪ್ಪಂಗೆ ಹಾಕವ್ರೆ. ಕಾನೂನು ತೊಂದ್ರೆ ಇದ್ಯಾ? (ಕನಕಪುರ ಕಡೆಯವರು)

ಉತ್ತರ: ನಾನೂ ಸೈನಿಕ ಅಂತ ಜನ ನಂಬ್ಲಿ ಅನ್ನೋ ಉದ್ದೇಶದಿಂದ ಸೈನಿಕರ ಡ್ರೆಸ್ ಹಾಕಿದ್ರೆ ಮೂರು ತಿಂಗಳವರೆಗೂ ಜೈಲಿದೆ. ನಿಮ್ಮ ಬೆರ್ಚಪ್ಪ ಮೋಸ ಮಾಡ್ತಿರೋದು ಕಾಡುಹಂದಿಗೆ, ಬಿಡಿ. ಆದ್ರೆ ಹೆಗಲ ಮೇಲಿರೋ ಫಾರ್ಮೇಷನ್ ಗುರುತು (ಯಾವ ಸೇನಾ ತುಕಡಿ ಅಂತ ಹೇಳೋ ಬಿಲ್ಲೆ), ಎದೆ ಮೇಲಿನ ಹೆಸರಪಟ್ಟಿ ಬಿಚ್ಚಿ ಒಳಗಿಡಿ, ಅಣ್ಣನ ಹೆಸರು ಮಳೇಲಿ ನೆನೆಯೋದು ಬೇಡ. ನಂದೂ ಒಂದು ಜೊತೆ ಟ್ರಂಕಲ್ಲಿದೆ, ನಮ್ಮನೆಯವಳು ನೆಲ ಒರೆಸೋಕೆ ಕೇಳಿದ್ಲು, ಕೊಡ್ಲಿಲ್ಲ.

ಹಂದಿ ಬರೋದು ನಿಂತಿದ್ರೆ ಬರೆದು ತಿಳಿಸಿ.