ಬಾದಾಮಿ ಮಾವಿನ ವಾಟೆ ನೆಟ್ಟರೆ ಹುಳಿ ಹಣ್ಣು ಯಾಕೆ?

ಬಾದಾಮಿ ಹಣ್ಣಿನ ವಾಟೆ ನೆಟ್ಟು ಎಂಟು ವರ್ಷ ಕಾದಿರಿ, ಈಗ ನೋಡಿದರೆ ಹುಳಿ, ನಾರು ಹಣ್ಣು. ಏನು ತಪ್ಪಾಯ್ತು ಅಂತ ಕೇಳಿದ್ದೀರಿ. ನಿಮ್ಮ ತಪ್ಪೇನೂ ಇಲ್ಲ ಸಾರ್.

ಮಾವಿನ ಎಲೆಯ ಜೀವಕೋಶದಲ್ಲಿ 40 ಕ್ರೋಮೋಸೋಮ್, ಅಂದರೆ ಗಿಡದ ಗುಣಗಳನ್ನು ಹೊತ್ತ ಎಳೆಗಳು, ಇರುತ್ತವೆ. ಹೂವಿನಲ್ಲಿ ಪರಾಗ, ಅಂಡ ತಯಾರಾಗುವಾಗ ಅದು 20 ಆಗುತ್ತದೆ. ಸುಮ್ನೆ ಅರ್ಧ ಆಗುವುದಲ್ಲ. ಜೋಡಿ ಕ್ರೋಮೋಸೋಮ್‌ಗಳು ಮೊದಲು ತುಂಡುಗಳನ್ನು ಅದಲುಬದಲು ಮಾಡಿಕೊಂಡು ಆಮೇಲೆ ಬೇರೆಯಾಗುತ್ತವೆ, ಇಸ್ಪೀಟು ಕಲಸಿ ಹಂಚಿದ ಹಾಗೆ. ಹಾಗಾಗಿ ಒಂದೇ ಗೊಂಚಲಿನ ಎರಡು ಹೂವಿನ ಅಂಡಗಳೂ ಒಂದೇ ಥರ ಇರುವುದಿಲ್ಲ. ಉಳಿದ 20 ಪರಾಗದಿಂದ ಬರಬೇಕು. ಅದನ್ನು ನೊಣವೋ ಜೇನೋ ಪಕ್ಕದ ಯಾವ ಮರದಿಂದ ತಂದಿತ್ತೋ, ಯಾರು ನೋಡಿದ್ದಾರೆ! ನೀವು ತಿಂದ ತಿರುಳು ಪೂರ್ತಿ ತಾಯಿಮರದ್ದು, ಅದಕ್ಕೇ ಬಾದಾಮಿಯದೇ ರುಚಿ. ವಾಟೆಯೊಳಗಿನ ಮೊಳಕೆ ಮಾತ್ರ ಅಪ್ಪ ಅಮ್ಮ ಇಬ್ಬರದ್ದು, ಹಾಗಾಗಿ ಅದು ಬೆಳೆದು ಕೊಡುವ ಹಣ್ಣು ಬಾದಾಮಿಯ ಹಾಗೇ ಇರಬೇಕೆಂದಿಲ್ಲ.

ಕರಾವಳಿಯ ಓಲೂರು, ಬಪ್ಪಕಾಯಿ ತಳಿಗಳ ಕಥೆಯೇ ಬೇರೆ. ಅಲ್ಲಿ ಒಂದು ವಾಟೆಯಿಂದ ನಾಲ್ಕಾರು ಸಸಿ ಏಳುತ್ತವೆ. ಹೆಚ್ಚಿನವು ಪರಾಗದ ಹಂಗಿಲ್ಲದೆ ತಾಯಿಯ ಕೋಶದಿಂದಲೇ ಹುಟ್ಟಿದವು, ತಾಯಿಯ ತದ್ರೂಪು. ಬಾದಾಮಿಗೆ ಆ ಗುಣ ಇಲ್ಲ.

ಮರ ಮಾತ್ರ ಕಡಿಯಬೇಡಿ. ಬೇರು ಗಟ್ಟಿಯಾಗಿದೆ ಅಲ್ವಾ? ಕೊಂಬೆ ಸವರಿ, ಹೊಸ ಚಿಗುರಿಗೆ ಒಳ್ಳೆ ಬಾದಾಮಿ ಮರದ ಕಡ್ಡಿ ತಂದು ಕಸಿ ಕಟ್ಟಿಸಿ. ಕಡ್ಡಿಯಲ್ಲಿ ಆ 40 ಕಲಸದೆ ಹಾಗೇ ಬರುತ್ತವೆ. ಒಂದು ಕೊಂಬೆ ಹಳೆಯದೇ ಇರಲಿ, ಹುಳಿ ಕಾಯಿ ಉಪ್ಪಿನಕಾಯಿಗೆ ಬೇಕಾಗುತ್ತದೆ.