ಅಡಿಕೆಯ ದುಡ್ಡಲ್ಲಿ ಅಕ್ಕಿ ಸಿಗುವಾಗ ಗದ್ದೆ ಯಾಕೆ ಬೇಕು?

ಕಾಸರಗೋಡಿನ ಗದ್ದೆಗಳು ತೋಟವಾದವು, ಆದಾಯವೂ ಹೆಚ್ಚಿತು, ಅಕ್ಕಿ ಅಂಗಡಿಯಲ್ಲೇ ಸಿಗುತ್ತದೆ, ಬಡ ದೇಶಗಳೂ ಹೀಗೇ ಮಾಡಬಾರದೇಕೆ ಎಂದು ಕೇಳಿದ್ದೀರಿ.

ಒಬ್ಬ ಕೃಷಿಕನ ಲೆಕ್ಕದಲ್ಲಿ ತಪ್ಪಿಲ್ಲ. ನಮ್ಮ ಬದಿಯಡ್ಕ ಕಡೆ ಏಣೇಲು, ಸುಗ್ಗಿ, ಕೊಳಕೆ ಎಂದು ವರ್ಷಕ್ಕೆ ಮೂರು ಭತ್ತದ ಬೆಳೆ ತೆಗೆಯುವ ಗದ್ದೆ ಬೈಲುಗಳಿದ್ದವು. ಕೂಲಿ ಏರಿದಾಗ ಭತ್ತ ಬಿಟ್ಟವರನ್ನು ನಾನು ದೂರುವುದಿಲ್ಲ.

ಒಂದು ದೇಶವೇ ಹಾಗೆ ಲೆಕ್ಕ ಹಾಕಿದರೆ ಕಷ್ಟ. ಜಗತ್ತು ಬೆಳೆಯುವ ಅಕ್ಕಿಯಲ್ಲಿ ಗಡಿ ದಾಟಿ ಮಾರಾಟವಾಗುವುದು ಸುಮಾರು ಹತ್ತನೇ ಒಂದು ಪಾಲು ಮಾತ್ರ. ಉಳಿದದ್ದು ಬೆಳೆದಲ್ಲೇ ಊಟಕ್ಕೆ ಸಲ್ಲುತ್ತದೆ. ಸಂತೆ ಇಷ್ಟು ಸಣ್ಣದಾದ್ದರಿಂದ ದೊಡ್ಡ ಮಾರಾಟಗಾರನೊಬ್ಬ ಬಾಗಿಲು ಹಾಕಿದರೂ ದರ ಹಾರುತ್ತದೆ. 2007ರ ಕೊನೆಗೆ ಭಾರತ, ಆಮೇಲೆ ವಿಯೆಟ್ನಾಂ ರಫ್ತು ಬಿಗಿ ಮಾಡಿದವು. 2008ರ ಮೇ ಹೊತ್ತಿಗೆ ದರ ಹೆಚ್ಚುಕಡಿಮೆ ಮೂರು ಪಟ್ಟಾಯಿತು. ಆಮದನ್ನು ನಂಬಿದ್ದ ಫಿಲಿಪ್ಪೀನ್ಸ್‌ನಲ್ಲಿ ಜನ ಸರಕಾರಿ ಅಕ್ಕಿಗಾಗಿ ಸಾಲು ನಿಂತರು. ಕೊಳ್ಳಲು ಹೊರಟ ದೇಶಕ್ಕೂ ಬೇಕಾದಷ್ಟು ಅಕ್ಕಿ ಸುಲಭಕ್ಕೆ ಸಿಗದ ಸ್ಥಿತಿ ಅದು. 2023ರ ಜುಲೈಯಲ್ಲೂ ಭಾರತ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಲ್ಲಿಸಿತು.

ಕಾಸರಗೋಡಿಗೆ ಈ ಬಿಸಿ ಅಷ್ಟಾಗಿ ತಟ್ಟದಿರುವುದು ನಾವು ಇದೇ ದೇಶದೊಳಗೆ ಇರುವುದರಿಂದ. ಪಂಜಾಬ್, ಆಂಧ್ರದ ಗದ್ದೆಗಳು ನಮ್ಮ ಬೆನ್ನಿಗಿವೆ. 2013ರ ಆಹಾರ ಭದ್ರತಾ ಕಾಯ್ದೆಯಂತೆ ಆದ್ಯತಾ ಕುಟುಂಬಗಳಿಗೆ ತಲೆಗೆ ತಿಂಗಳಿಗೆ 5 ಕಿಲೋ ಧಾನ್ಯ ರೇಷನ್ ಅಂಗಡಿಯಲ್ಲಿ ಸಿಗುತ್ತದೆ.

ಇನ್ನೊಂದು ಮಾತು: ನಮ್ಮ ಅಡಿಕೆಯ ಆದಾಯಕ್ಕೂ ಬೇಲಿ ಇದೆ. ಅಗ್ಗದ ಅಡಿಕೆ ಹೊರಗಿನಿಂದ ಬರದಂತೆ ತಡೆಯಲು ಆಮದು ಅಡಿಕೆಯ ಕನಿಷ್ಠ ದರವನ್ನು ಕೇಂದ್ರ 2023ರಲ್ಲಿ ಕಿಲೋಗೆ 351 ರೂಪಾಯಿಗೆ ಏರಿಸಿತು. ಅದೇ ಬೇಲಿಯನ್ನು ಆಫ್ರಿಕಾದ ಭತ್ತದ ರೈತ ಕೇಳಿದರೆ ಬೇಡವೆನ್ನಲು ನನಗಂತೂ ಬಾಯಿ ಬರುವುದಿಲ್ಲ.