ಶಿಮೆಜಿ ಗೊಂಬೆ ಬ್ರೌಸರ್ ಅಂಚಿನ ಮೇಲೆ ನಡೆಯುವುದು ಹೇಗೆ?
ಶಿಮೆಜಿ ಅಂದರೆ ಕಂಪ್ಯೂಟರ್ ಪರದೆಯ ಮೇಲೆ ಓಡಾಡುವ ಪುಟ್ಟ ಕಾರ್ಟೂನ್ ಗೊಂಬೆಯ ಪ್ರೋಗ್ರಾಂ. ಅದು ನಿಮ್ಮ ಬ್ರೌಸರ್ ಒಳಗೆ ಇರುವುದೇ ಇಲ್ಲ. ಅದು ಬೇರೆಯದೇ ಒಂದು ಪುಟ್ಟ ವಿಂಡೋ. ಚೌಕಟ್ಟಿಲ್ಲ, ಹಿನ್ನೆಲೆ ಕಾಣುವುದಿಲ್ಲ, ಯಾವಾಗಲೂ ಎಲ್ಲದರ ಮೇಲಿರುತ್ತದೆ. ಬ್ರೌಸರ್‌ನ ಅಂಚು ಈಗ ಪರದೆಯಲ್ಲಿ ಎಲ್ಲಿದೆ ಅಂತ ಅದು ವಿಂಡೋಸ್ ಅನ್ನು ಮತ್ತೆ ಮತ್ತೆ ಕೇಳುತ್ತಿರುತ್ತದೆ. ಆ ಅಂಚೇ ಅದಕ್ಕೆ ನೆಲ, ಗೋಡೆ. ನೀವು ಬ್ರೌಸರ್ ಮುಚ್ಚಿದರೆ ಕಾಲಡಿಯ ನೆಲವೇ ಹೋಯಿತಲ್ವಾ, ಪಾಪ, ಕೆಳಗೆ ಬಿದ್ದು ಬೋರಲಾಗುತ್ತದೆ! ನನಗೆ ತುಂಬಾ ಇಷ್ಟವಾಗುವುದು ಇದೇ. ನಡಿಗೆ ಅಂದರೆ ಚಿತ್ರಗಳ ಬದಲಾವಣೆ ಅಷ್ಟೇ. ಮೂಲ ಗೊಂಬೆಗೆ 46 ಚಿತ್ರಗಳಿವೆ.

ಇದನ್ನು ಹಾಕಿಕೊಳ್ಳಲು ಕಂಪ್ಯೂಟರಿನಲ್ಲಿ ಜಾವಾ ಎಂಬ ತಂತ್ರಾಂಶ ಇರಬೇಕು. ಶಿಮೆಜಿಯ ಜಿಪ್ ಫೈಲ್ ಬಿಚ್ಚಿ, ಒಳಗಿರುವ ಪ್ರೋಗ್ರಾಂ ಓಡಿಸಿ. ಗೊಂಬೆ ತಾನೇ ಮರಿ ಮಾಡುತ್ತಾ ಹೋಗುತ್ತದೆ. ಜಾಸ್ತಿಯಾದರೆ ಟಾಸ್ಕ್‌ಬಾರ್ ಮೂಲೆಯ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ, ಒಂದನ್ನೇ ಉಳಿಸಿಕೊಳ್ಳಿ.